ಲೈಟ್‌ಹೌಸ್ ಮಾತಾಡಿದರೆ ಕಾದಂಬರಿ

ಆಕ್ಲೆಂಡಿನಿಂದ ವೆಲಿಂಗ್ಟನ್ನಿಗೆ ವಿಮಾನದಲ್ಲಿ ಒಂದು ಗಂಟೆಯ ದಾರಿ. ನಾನು ರೈಲಿನಲ್ಲಿ ಹೋದೆ. ಅದಕ್ಕೆ ಇಡೀ ಹಗಲು ಬೇಕು, ಟಿಕೆಟ್ಟೂ ವಿಮಾನಕ್ಕಿಂತ ದುಬಾರಿ. ಫ್ಲ್ಯಾಟ್ ಬುಷ್‌ನ ನಮ್ಮ ಮನೆಯಿಂದ ಸ್ಟೇಷನ್ನಿಗೆ ಕಾರಿನಲ್ಲಿ ಬಿಡಲು ಬಂದ ಮಗಳು ದಾರಿಯುದ್ದಕ್ಕೂ ಗೊಣಗಿದಳು. ಹಿಂದಿನ ಸೀಟಿನಿಂದ ಮೊಮ್ಮಗಳು, "ಅಜ್ಜೀ, ಯು ಕುಡ್ ಜಸ್ಟ್ ಫ್ಲೈ," ಎಂದಳು.

"ಕೋಪ ಇಳಿಯೋಕೆ ಟೈಮ್ ಬೇಕು ಪುಟ್ಟಾ," ಎಂದೆ. ಇಳಿಯಲಿಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ.

ಕೋಪದ ಕಾರಣ ನನ್ನ ಹ್ಯಾಂಡ್‌ಬ್ಯಾಗಿನಲ್ಲಿತ್ತು. ಅದು ನನ್ನ ಗೆಳತಿ ಲವೀನಾ ಬರೆದ ಇಂಗ್ಲಿಷ್ ಪುಸ್ತಕ. ಮೈಸೂರಿನ ಕಾನ್ವೆಂಟಿನಲ್ಲಿ ಅವಳೂ ನಾನೂ ಒಂದೇ ಬೆಂಚು. ಅವಳು ನರ್ಸಾಗಿ ಈ ದೇಶಕ್ಕೆ ಬಂದು ವೆಲಿಂಗ್ಟನ್ ಹತ್ತಿರದ ಪೊರಿರುವಾದಲ್ಲಿ ಮನೆ ಮಾಡಿದಳು, ರಿಟೈರಾದ ಮೇಲೆ ಒಂದು ಕಾದಂಬರಿ ಬರೆದಳು. ಅದರಲ್ಲಿ ಒಬ್ಬ ನರ್ಸ್ 'ನಾನು' ಎಂದುಕೊಂಡು ತನ್ನ ಕಥೆ ಹೇಳುತ್ತಾಳೆ. ಅವಳ ಗಂಡ ಅವಳ ಪಾಸ್‌ಪೋರ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾನೆ, ಕೈ ಎತ್ತುತ್ತಾನೆ. ಆಸ್ಟ್ರೇಲಿಯಾದ ಒಂದು ಪುಟ್ಟ ಸ್ವತಂತ್ರ ಪ್ರಕಾಶನ ಅದನ್ನು ಅಚ್ಚು ಹಾಕಿತು. ಆದರೆ ರಕ್ಷಾಪುಟದ ಮೇಲೆ, ಲವೀನಾಳ ಹೆಸರಿನ ಕೆಳಗೆ, 'ಎ ಮೆಮ್ವಾರ್' ಎಂದು ಸೇರಿಸಿತು. ಅಂದರೆ ಬರೆದವಳು ಸ್ವತಃ ಬಾಳಿದ ಬದುಕು!

ಲವೀನಾಳ ನಿಜವಾದ ಗಂಡ ವಿಲ್ಫ್ರೆಡ್. ಮಂಗಳೂರಿನವರು. ಕೈ ಎತ್ತುವುದಿರಲಿ, ಬಚ್ಚಲಿನ ಜೇಡವನ್ನೂ ಲೋಟದಲ್ಲಿ ಹಿಡಿದು ತೋಟಕ್ಕೆ ಬಿಟ್ಟುಬರುವ ಮನುಷ್ಯ. ಅಲ್ಲಿನ ಕನ್ನಡದವರು ಸೇರಿದಾಗಲೆಲ್ಲ ಮೀನುಸಾರು ಅವರದೇ. ಪುಸ್ತಕ ಬಂದ ಮೇಲೆ ಒಂದು ಭಾನುವಾರ ಅವರ ಸಾರಿನ ಪಾತ್ರೆ ತುಂಬಿದ್ದ ಹಾಗೇ ಮನೆಗೆ ವಾಪಸಾಯಿತು. ಆಮೇಲೆ ಅವರು ಹೋಗುವುದನ್ನೇ ಬಿಟ್ಟರು.

ವೈಕಾಟೋ ದಾಟುವವರೆಗೂ ಮಂಜು, ಮಂಜಿನಲ್ಲಿ ಹಸುಗಳು. ರೌರಿಮು ಎಂಬಲ್ಲಿ ರೈಲು ತನ್ನ ಬಾಲವನ್ನು ತಾನೇ ಹುಡುಕುವ ಹಾಗೆ ಸುತ್ತಿ ಸುತ್ತಿ ಬೆಟ್ಟ ಏರಿತು. ಎಲ್ಲರೂ ಫೋಟೋ ತೆಗೆದರು. ನಾನು ಮನೆಯಿಂದ ತಂದ ಚಟ್ನಿ ಸ್ಯಾಂಡ್‌ವಿಚ್ ತಿಂದೆ. ಪಕ್ಕದ ಸೀಟಿನ ಮುದುಕ, ಕುರಿ ಸಾಕಿ ನಿವೃತ್ತನಾದವನಂತೆ, ಮಾಂಸದ ಪೈ ತಿನ್ನುತ್ತಾ ನನ್ನ ಮಡಿಲಿನ ಪುಸ್ತಕ ನೋಡಿದ. ಕೇಳಿ ತೆಗೆದುಕೊಂಡು ಹಿಂಬದಿಯ ಬರಹ ಓದಿ, "ಪೂರ್ ಥಿಂಗ್," ಎಂದ.

"ಇದು ನಿಜವಲ್ಲ. ಕಲ್ಪಿಸಿ ಬರೆದದ್ದು," ಎಂದೆ.

ಅವನು ರಕ್ಷಾಪುಟದ ಮೇಲೆ ಬೆರಳಿಟ್ಟು ಆ ಎರಡು ಪದ ತೋರಿಸಿದ. "ಇಲ್ಲಿ ಹಾಗೆ ಹೇಳಿಲ್ಲವಲ್ಲ, ಡಿಯರ್." ಒಹಾಕುನೆಯಲ್ಲಿ ಇಳಿಯುವಾಗ ನನ್ನ ಭುಜ ತಟ್ಟಿ ಹೋದ. ನನ್ನನ್ನೇ ಆ ಹೆಂಗಸು ಎಂದುಕೊಂಡನೋ ಏನೋ! ಕಿಟಕಿಯಲ್ಲಿ ರುವಾಪೆಹು ಬೆಟ್ಟ ಹಿಮ ಹೊದ್ದು ನಿಂತಿತ್ತು. ಅಂಥ ಚೆಲುವನ್ನೂ ನೆಮ್ಮದಿಯಾಗಿ ನೋಡಲಾಗಲಿಲ್ಲ.

ನೆನಪಾಗುತ್ತಿದ್ದದ್ದು ಕಾನ್ವೆಂಟಿನ ಕಾಂಪೊಸಿಷನ್ ಕ್ಲಾಸ್. ಸಿಸ್ಟರ್ ಬೋರ್ಡಿನ ಮೇಲೆ 'ಆಟೋಬಯಾಗ್ರಫಿ ಆಫ್ ಆ್ಯನ್ ಅಂಬ್ರೆಲಾ' ಎಂದು ಬರೆಯುತ್ತಿದ್ದರು. ಒಂದು ವಾರ ಕೊಡೆ, ಇನ್ನೊಂದು ವಾರ ಮುದಿ ಕುದುರೆ, ಮತ್ತೊಂದು ವಾರ ಹರಿದ ಶೂ. ನಾವು ಹುಡುಗಿಯರು 'ನಾನು' ಎನ್ನುವುದನ್ನು ಕಲಿತದ್ದೇ ಹಾಗೆ, ಬೇರೆಯವರಾಗಿ. ಲವೀನಾ ಬರೆದ ಕಥೆಯ ಕೊಡೆಯನ್ನು ಯಾರೋ ಬಸ್ಸಿನಲ್ಲಿ ಮರೆತು ಇಳಿದುಹೋದಾಗ ಇಡೀ ಕ್ಲಾಸ್ ಅತ್ತಿತ್ತು. ಸಿಸ್ಟರ್ ಕೂಡ ಕನ್ನಡಕ ತೆಗೆದರು. ನೀನು ಕೊಡೆಯೇನೇ ಎಂದು ಯಾರೂ ಅವಳನ್ನು ಕೇಳಲಿಲ್ಲ.

ವೆಲಿಂಗ್ಟನ್ ಸೇರುವಾಗ ಕತ್ತಲಾಗುತ್ತಿತ್ತು. ಪ್ಲಾಟ್‌ಫಾರ್ಮಿನಲ್ಲಿ ವಿಲ್ಫ್ರೆಡ್ ಕೊಡೆ ಹಿಡಿದು ನಿಂತಿದ್ದರು. ಆ ಊರಿನ ಗಾಳಿಗೆ ಕೊಡೆ ಬಿಡಿಸುವವರು ಹೊಸಬರು ಮಾತ್ರ. ಇವರು ಹೊಸಬರಲ್ಲ, ಹಟಮಾರಿ.

"ಬನ್ನಿ ಶಾರದಕ್ಕ. ಎಂತ ಮಾರಾಯ್ರೆ, ಈ ಪ್ರಾಯದಲ್ಲಿ ರೈಲಲ್ಲಿ ಬರುದಾ?"

"ನಿಮ್ಮ ಪರವಾಗಿ ಜಗಳ ಆಡೋಕೆ ಬಂದಿದೀನಿ."

"ಜಗಳ ಎಂತಕ್ಕೆ? ಊಟ ಮಾಡುವ."

ಊಟಕ್ಕೆ ಕುಚ್ಚಲಕ್ಕಿ ಅನ್ನ, ನನಗೆಂದು ಬೇರೆ ಮಾಡಿದ ಸೌತೆಕಾಯಿ ಹುಳಿ. ಬಡಿಸುವಷ್ಟರಲ್ಲಿ ನಾನು ಲವೀನಾಳ ಮೇಲೆ ಹರಿಹಾಯ್ದೆ. "ಕವರ್ ಕಳಿಸಿದಾಗ ನೋಡಲಿಲ್ವೇನೇ? ಬಾಯಿ ಹೊಲಿದುಕೊಂಡಿದ್ಯಾ?"

"ನೋಡಿದೆ ಕಣೇ. 'ನಾನು' ಅಂತ ಬರೆದದ್ದನ್ನೆಲ್ಲ ಸಿಸ್ಟರ್ ಆಟೋಬಯಾಗ್ರಫಿ ಅಂತಲೇ ಹಾಕಿಸ್ತಿದ್ರಲ್ಲ? ಇದೂ ಹಾಗೇ ಅನ್ಕೊಂಡೆ. ಪ್ರಿಂಟ್ ಆಗ್ತಿದೆ ಅನ್ನೋ ಖುಷೀಲಿ ಇದ್ದೆ." ಅವಳ ದನಿ ಸಣ್ಣದಾಯಿತು. "ಈಗ ಪಬ್ಲಿಷರ್ ಇನ್ನೊಂದು ಬುಕ್ ಕೇಳ್ತಿದಾರೆ. ನಾನು ಆ ಗಂಡನನ್ನ ಬಿಟ್ಟು ಹೇಗೆ ಬಂದೆ ಅಂತ. ನಾಳೆ ಜಾನ್ಸನ್‌ವಿಲ್‌ನಲ್ಲಿ ಅವರ ಪುಸ್ತಕದ ಕಾರ್ಯಕ್ರಮ, ಅಲ್ಲಿ ಉತ್ತರ ಹೇಳ್ಬೇಕು. ಆಗಲ್ಲ ಅಂದ್ರೆ ನನ್ನನ್ನ ಮತ್ತೆ ಯಾರು ಪ್ರಿಂಟ್ ಮಾಡ್ತಾರೆ, ಶಾರೀ?"

ವಿಲ್ಫ್ರೆಡ್ ಹುಳಿ ಬಡಿಸುತ್ತಾ, "ಬಿಟ್ಟು ಹೋಗುವ ದಿನ ಮೊದಲೇ ಹೇಳು. ಬುತ್ತಿ ಕಟ್ಟಿ ಕೊಡ್ತೇನೆ," ಎಂದರು. ಲವೀನಾ ನಗಲಿಲ್ಲ.

ಮರುದಿನ ಮಧ್ಯಾಹ್ನ ಕಾರಿನಲ್ಲಿ ಜಾನ್ಸನ್‌ವಿಲ್‌ಗೆ ಹೋದೆವು, ಸ್ವಲ್ಪವೇ ದೂರ. ಶಾಪಿಂಗ್ ಸೆಂಟರಿನ ಹಿಂದಿನ ಹಾಲ್‌ನಲ್ಲಿ ಆ ಪ್ರಕಾಶನದವರ ಪುಸ್ತಕಗಳನ್ನು ಉದ್ದನೆಯ ಮೇಜಿನ ಮೇಲೆ ಜೋಡಿಸಿದ್ದರು. ಎಡಕ್ಕೆ 'ಫಿಕ್ಷನ್', ಬಲಕ್ಕೆ 'ನಾನ್‌ಫಿಕ್ಷನ್' ಎಂಬ ರಟ್ಟಿನ ಬೋರ್ಡು. ಎಂಥೆಂಥ ಪುಸ್ತಕಗಳು! ಉಣ್ಣೆ ಕತ್ತರಿಸುವ ಶೆಡ್ಡಿನಲ್ಲಿ ನಡೆದ ಕೊಲೆ, ಓಪಲ್ ಗಣಿಯಲ್ಲಿ ಹುಟ್ಟಿದ ಪ್ರೇಮ, ಬಾವಿಗಳ ಚರಿತ್ರೆ, ಜೇನು ಸಾಕಣೆ, ಮುಟ್ಟು ನಿಂತ ಮೇಲಿನ ಬದುಕಿನ ಪ್ರಬಂಧಗಳು. ಬೇರೆ ದಿನವಾಗಿದ್ದರೆ ಬ್ಯಾಗ್ ತುಂಬ ಕೊಂಡುಬಿಡುತ್ತಿದ್ದೆ. ಎಡಗಡೆಯ ಒಂದು ಕಾದಂಬರಿಯನ್ನು ಬಿಡಿಸಿದೆ. ಅದರಲ್ಲಿ ಸಮುದ್ರ ತೀರದ ಲೈಟ್‌ಹೌಸ್ ಒಂದು 'ನಾನು' ಎಂದು ಕಥೆ ಹೇಳುತ್ತಿತ್ತು. ಬರೆದವನು ಮೆಲ್ಬರ್ನಿನ ಗಡ್ಡದ ಹುಡುಗ. ಬಲಗಡೆ ನೋಡಿದೆ. ಲವೀನಾ ಅಲ್ಲಿದ್ದಳು. ಅವಳಂತೆ ಬೇರೆ ದೇಶದಿಂದ ಬಂದ ಹೆಂಗಸರೆಲ್ಲ ಅಲ್ಲೇ ಇದ್ದರು, ಒಬ್ಬರೂ ಬಿಡದೆ ಮೆಮ್ವಾರ್.

ಪ್ರಕಾಶಕಿಯ ಹೆಸರು ಹೆದರ್. ಲಿನನ್ ಅಂಗಿ, ಮೆತ್ತಗಿನ ಮಾತು. ನಾನು ಲೈಟ್‌ಹೌಸನ್ನು ಎತ್ತಿ ಹಿಡಿದೆ. "ಕಾಂಟ್ರ್ಯಾಕ್ಟಿಗೆ ಸಹಿ ಹಾಕಲು ಇದೇ ಬಂದಿತ್ತೇ?"

ಆಕೆ ನಕ್ಕಳು. ನಾನು ನಗದಿದ್ದದ್ದನ್ನು ಕಂಡು ನಿಲ್ಲಿಸಿದಳು. "ನಿಮ್ಮ ಗೆಳತಿಯ ಅನುಭವ ಬಹಳ ಪವರ್‌ಫುಲ್."

"ಅನುಭವ ಅಲ್ಲ, ಕಸುಬು. ಅವಳು ಕೂತು ಕಟ್ಟಿದ್ದು."

"ನೋಡಿ, ಕಾದಂಬರಿ ಅಂದಿದ್ದರೆ ಯಾರೂ ಎತ್ತಿ ನೋಡುತ್ತಿರಲಿಲ್ಲ. ಓದುಗರಿಗೆ ನಿಮ್ಮಂಥವರ ನಿಜ ಬೇಕು."

ನಿಮ್ಮಂಥವರು! ಅವರ ಊರಿನಲ್ಲಿ ಕಲ್ಲು ಗಾರೆಗೂ ಕಲ್ಪನೆಯಿದೆ. ನಮ್ಮ ಹೆಂಗಸರಿಗೆ ಇರುವುದು ಗಾಯ ಮಾತ್ರ.

ಲವೀನಾ ವೇದಿಕೆ ಹತ್ತಿ ತನ್ನ ಪುಸ್ತಕದ ಕೆಲವು ಪುಟ ಓದಿದಳು. ಮುಗಿದಾಗ ಹುಬ್ಬಳ್ಳಿಯ ಕಡೆಯ ಒಬ್ಬ ಎಳೆಯ ನರ್ಸ್ ಎದ್ದು ನಿಂತಳು. ಕಣ್ಣಲ್ಲಿ ನೀರು. "ಆಂಟಿ, ಈಗ ನೀವು ಸೇಫ್ ಅದೀರಲ್ರಿ? ನಾವೆಲ್ಲ ಅದೀವಿ ನಿಮ್ಮ ಜೋಡಿ." ಹೇಳುತ್ತಾ ಹಿಂದಿನ ಸಾಲನ್ನು ದುರುಗುಟ್ಟಿ ನೋಡಿದಳು. ಅಲ್ಲಿ ವಿಲ್ಫ್ರೆಡ್ ಹೆಂಡತಿಯ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವರ ಅಕ್ಕಪಕ್ಕದ ಕುರ್ಚಿಗಳು ಖಾಲಿ.

ಲವೀನಾ ಅತ್ತ ನೋಡಿದಳು, ಪುಸ್ತಕ ಮುಚ್ಚಿದಳು. ಆಮೇಲೆ ಇಂಗ್ಲಿಷಿನಲ್ಲಿ, ಸ್ಕೂಲಿನ ಅದೇ ರಾಗದಲ್ಲಿ ಶುರುಮಾಡಿದಳು: "ನಾನು ಹುಟ್ಟಿದ್ದು ಮೈಸೂರಿನ ದೊಡ್ಡ ಗಡಿಯಾರದ ಹತ್ತಿರ, ಒಂದು ಅಂಗಡಿಯಲ್ಲಿ. ನನಗೆ ಎಂಟು ಕಡ್ಡಿ, ಒಂದು ಬಿದಿರಿನ ಹಿಡಿ..." ಯಾರೋ ಕಿಸಕ್ಕೆಂದರು. ಬಸ್ಸಿನಲ್ಲಿ ಮರೆತು ಇಳಿದುಹೋದ ಜಾಗ ಬರುವಾಗ ಕಿಸಕ್ಕೆಂದವರೇ ಕರವಸ್ತ್ರ ಹುಡುಕುತ್ತಿದ್ದರು.

"ಹುಡುಗಿಯಾಗಿದ್ದಾಗ ಬರೆದದ್ದು. ನಾನು ಯಾವತ್ತೂ ಕೊಡೆಯಾಗಿರಲಿಲ್ಲ," ಎಂದಳು. "ಇವರು ಬೀರುವಿಗೆ ಬೀಗ ಹಾಕಿದವರೂ ಅಲ್ಲ. ಕಾರಿನ ಕೀಯನ್ನೇ ದಿನಾ ನಾನು ಹುಡುಕಿ ಕೊಡಬೇಕು." ಕೆಳಗಿಳಿದು ಬಂದು ಬಲಗಡೆಯ ತನ್ನ ಪುಸ್ತಕಗಳನ್ನೆಲ್ಲ ತಬ್ಬಿ ಎತ್ತಿ ಎಡಗಡೆ, ಲೈಟ್‌ಹೌಸಿನ ಪಕ್ಕ ಇಟ್ಟಳು.

ಹೆದರ್ ತಗ್ಗಿದ ದನಿಯಲ್ಲಿ, "ಹಾಗಾದರೆ ಎರಡನೆಯದು ಕಷ್ಟ, ಲವೀನಾ," ಎಂದಳು.

"ಎರಡನೆಯದು ಬರೆಯುತ್ತಿದ್ದೇನೆ. ಅದರಲ್ಲಿ ನಾನು ಒಬ್ಬ ಕೊಲೆಗಾರ. ಯಾವ ಕಡೆ ಇಡುತ್ತೀರಿ?"

ಹೆದರ್ ಮೇಜಿನ ರಟ್ಟಿನ ಬೋರ್ಡನ್ನು ನೆಟ್ಟಗೆ ಮಾಡತೊಡಗಿದಳು. ಹುಬ್ಬಳ್ಳಿಯ ಹುಡುಗಿ ಮಾತ್ರ ವಿಲ್ಫ್ರೆಡ್ ಹತ್ತಿರ ಹೋಗಿ, "ಸಾರಿ ರೀ ಅಂಕಲ್. ಮುಂದಿನ ಸಂಡೆ ಸಾರು ತರ್ತೀರಿಲ್ಲೋ?" ಎಂದಳು. "ನೋಡುವ," ಎಂದರು ಅವರು. ಉಳಿದ ಕನ್ನಡದವರು ಚಹಾದ ಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ಅದನ್ನೇ ನೋಡುತ್ತಿದ್ದರು. ನಾವು ಹೊರಡುವಾಗ ಹೆದರ್ ಮೇಜು ಖಾಲಿ ಮಾಡುತ್ತಿದ್ದಳು. ಪೆಟ್ಟಿಗೆಗಳ ಮೇಲೂ ಅದೇ ಎರಡು ಹೆಸರು. ಲವೀನಾಳ ಪುಸ್ತಕ ಮತ್ತೆ 'ನಾನ್‌ಫಿಕ್ಷನ್' ಪೆಟ್ಟಿಗೆಯೊಳಕ್ಕೇ ಇಳಿದದ್ದನ್ನು ನನ್ನ ಕಣ್ಣಾರೆ ಕಂಡೆ.

ಮರುದಿನ ಬೆಳಿಗ್ಗೆ ಟ್ಯಾಕ್ಸಿಯಲ್ಲಿ ವೆಲಿಂಗ್ಟನ್ನಿಗೆ ಹೋಗಿ ವಾಪಸು ರೈಲು ಹತ್ತಿದೆ. ವೆಲಿಂಗ್ಟನ್ ಬಿಡುತ್ತಲೇ ಪೆನ್ನು ತೆಗೆದು ನನ್ನ ಪ್ರತಿಯ ಮೇಲಿನ 'ಎ ಮೆಮ್ವಾರ್' ಎಂಬ ಆ ಎರಡು ಪದ ಹೊಡೆದುಹಾಕಿದೆ. ಒತ್ತಿದ ರಭಸಕ್ಕೆ ರಕ್ಷಾಪುಟ ಹರಿಯಿತು. ಹರಿಯಲಿ!

ಈ ರೈಲು ಪೊರಿರುವಾದಲ್ಲಿ ನಿಲ್ಲುವುದಿಲ್ಲ. ಆದರೂ ಪ್ಲಾಟ್‌ಫಾರ್ಮಿಗೆ ಬಂದು ಕೈ ಬೀಸುತ್ತೇವೆ ಎಂದಿದ್ದರು. ಬಂದಿದ್ದರು. ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಲವೀನಾ ಎರಡೂ ಕೈ ಬೀಸಿದಳು. ಗಾಜಿಗೆ ಕೆನ್ನೆಯೊತ್ತಿ ಅವರು ಮರೆಯಾಗುವವರೆಗೂ ನೋಡಿದೆ. ವಿಲ್ಫ್ರೆಡ್ ಎಂಥವರು ಎಂಬುದಕ್ಕೆ ಯಾರಿಗಾದರೂ ಸಾಕ್ಷಿ ಬೇಕಿದ್ದರೆ ಅವರ ಕೊಡೆಯನ್ನೇ ಕೇಳಲಿ. ಗಾಳಿಗೆ ಅದರ ಅರ್ಧ ಕಡ್ಡಿ ಮುರಿದಿತ್ತು, ಅವರು ತೊಯ್ದು ತೊಪ್ಪೆಯಾಗಿದ್ದರು. ಉಳಿದ ಅರ್ಧ ಕೊಡೆ ಲವೀನಾಳ ತಲೆಯ ಮೇಲಿತ್ತು.