ಪೈಪಿನ ಬಾಯಿಗೆ ನೂರ ತೊಂಬತ್ತು ಹೆಜ್ಜೆ

ಬೆಳಗಿನ ಜಾವ ಐದು ಗಂಟೆ. ಸೂರ್ಯ ಹುಟ್ಟಿದ್ದಾನೋ ಇಲ್ಲವೋ ಹೇಳುವಂತಿಲ್ಲ. ಅಹ್ಮದಿ ಕಡೆ ಎಣ್ಣೆಬಾವಿಗಳು ಇನ್ನೂ ಉರಿಯುತ್ತಿವೆ, ಹೊಗೆ ಕಡಲಿನವರೆಗೂ ಕವಿದಿದೆ. ಆ ಮಬ್ಬಿನಲ್ಲಿ ಮೋನಪ್ಪ ಹೆಗಲಿಗೆ ಐಸಿನ ಪೆಟ್ಟಿಗೆ ತೂಗುಹಾಕಿಕೊಂಡು ಮರಳಿಗೆ ಇಳಿಯುತ್ತಾರೆ. ಮುಂದೆ ಗೂಟಗಳಿಗೆ ಕಟ್ಟಿದ ಎರಡು ಬಿಳಿ ಪಟ್ಟಿಗಳು, ನಡುವೆ ಮೈನ್ ತೆಗೆದ ಮೂರಡಿ ದಾರಿ. ಪಟ್ಟಿಯಾಚೆ ಇರಾಕಿ ಸೈನಿಕರು ಹೂತಿಟ್ಟು ಹೋದ, ಕಾಲಿಟ್ಟರೆ ಸಿಡಿಯುವ ಮೈನ್‌ಗಳು ಹಾಗೇ ಇವೆ.

"ಪಟ್ಟಿ ಕಾಣ್ತಾ ಇದ್ದರೆ ಹೆದರಿಕೆ ಇಲ್ಲ. ಮರಳು ಮುಚ್ಚಿದರೆ ನಿಲ್ಲುವುದು, ಬಂದ ಹೆಜ್ಜೆಯಲ್ಲೇ ಹಿಂದೆ ಹೋಗುವುದು. ಅವಸರ ಮಾಡ್ಲಿಕ್ಕೆ ಇಲ್ಲ," ಎನ್ನುತ್ತಾರೆ ಅವರು.

ನೂರ ತೊಂಬತ್ತು ಹೆಜ್ಜೆ ನಡೆದರೆ ಪೈಪಿನ ಬಾಯಿ. ನಗರದ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಹದವಾಗಿ, ಕ್ಲೋರಿನ್ ಬೆರೆತು, ಇಲ್ಲಿ ಕಡಲಿಗೆ ಬೀಳುತ್ತದೆ. ಬೀಳುವ ನೀರು ಎಷ್ಟು ಶುದ್ಧವಿರಬೇಕೆಂಬುದಕ್ಕೆ ಮಿತಿಗಳಿವೆ. ಆ ಮಿತಿ ಮೀರಿದೆಯೋ ಇಲ್ಲವೋ ತಿಳಿಯಬೇಕಾದರೆ ಯಾರಾದರೂ ಹೋಗಿ ನೀರು ತರಬೇಕು. ಹತ್ತು ವರ್ಷದಿಂದ ತರುತ್ತಿರುವವರು ಇವರೇ.

ದಿನಕ್ಕೆ ಆರು ಬಾಟಲಿ. ಅದರಲ್ಲಿ ಎರಡು ರೋಗಾಣುವಿನ ಪರೀಕ್ಷೆಗೆ, ಅವನ್ನು ತೊಳೆಯುವಂತಿಲ್ಲ, ಒಳಗೆ ಬೆರಳು ತಾಗುವಂತಿಲ್ಲ. ತುಂಬಿದ ಮೇಲೆ ಐಸಿನಲ್ಲಿಟ್ಟು ತಡಮಾಡದೆ ಲ್ಯಾಬಿಗೆ ಮುಟ್ಟಿಸಬೇಕು.

ಮೋನಪ್ಪನವರಿಗೆ ನಲವತ್ತಾರು. ಊರು ಬಜಪೆಯ ಹತ್ತಿರ, ಓದಿದ್ದು ಎಸ್ಸೆಸ್ಸೆಲ್ಸಿ. ಹೋದ ಆಗಸ್ಟಿನಲ್ಲಿ ಈ ಕೊಲ್ಲಿ ದೇಶಕ್ಕೆ ಇರಾಕಿ ಸೈನ್ಯ ನುಗ್ಗಿದಾಗ ಹೆಂಡತಿ ಹರಿಣಾಕ್ಷಿಯನ್ನೂ ಮಗಳು ಶರಣ್ಯಾಳನ್ನೂ ಅಮ್ಮಾನಿನ ದಾರಿಯಾಗಿ ಊರಿಗೆ ಕಳಿಸಿದರು. ಇವರ ಪಾಸ್‌ಪೋರ್ಟ್ ಕೆಲಸಕ್ಕೆ ಕರೆಸಿಕೊಂಡ ಧಣಿ, ಕಫೀಲನ ಕಪಾಟಿನಲ್ಲಿತ್ತು, ಕಫೀಲ ದೇಶದಲ್ಲೇ ಇರಲಿಲ್ಲ. ಹಾಗಾಗಿ ಉಳಿದರು. ಲ್ಯಾಬಿನ ಯಂತ್ರಗಳನ್ನು ಸೈನಿಕರು ಲಾರಿಗೆ ಹೇರಿಕೊಂಡು ಹೋದರು. ಮೋನಪ್ಪ ಅದಕ್ಕೆ ಮೊದಲೇ ನಲವತ್ತು ಬಾಟಲಿಗಳನ್ನು ಅಕ್ಕಿ ಚೀಲದಲ್ಲಿ ತುಂಬಿ ರಿಗ್ಗೈ ಬಡಾವಣೆಯ ತಮ್ಮ ಕೋಣೆಗೆ ಸಾಗಿಸಿದ್ದರು. ಯುದ್ಧ ಮುಗಿದು ಲ್ಯಾಬ್ ತೆರೆದಾಗ ಅಲ್ಲಿದ್ದ ಬಾಟಲಿಗಳು ಅವಷ್ಟೇ.

ಮೇ ತಿಂಗಳಲ್ಲಿ ಘಟಕ ಮತ್ತೆ ಶುರುವಾಯಿತು. ಮೈನ್ ತೆಗೆದ ಕೂಡಲೇ ದಡವನ್ನು ಜನರಿಗೆ ಬಿಡಬೇಕು, ಅದಕ್ಕೆ ಒಂದು ವಾರದ ನೀರಿನ ವರದಿ ಬೇಕು ಎಂದು ಮೇಲಿನಿಂದ ಹೇಳಿಕೆ ಬಂತು. ದುರಸ್ತಿಯ ಗುತ್ತಿಗೆ ಹಿಡಿದ ಕಂಪನಿಯ ಎಂಜಿನಿಯರ್ ಶ್ಯಾಮಸುಂದರ್, ಮೈಸೂರಿನವರು, ಮೋನಪ್ಪನವರನ್ನು ದಡಕ್ಕೆ ಹೋಗಗೊಡಲಿಲ್ಲ. ಘಟಕದ ಕೊನೆಯ ಟ್ಯಾಂಕಿನಿಂದಲೇ ತುಂಬಿಸಿ ಎಂದರು.

"ಅದೇ ನೀರು ತಾನೇ ಕಡಲಿಗೆ ಹೋಗೋದು? ನಿಮಗೆ ಏನಾದ್ರೂ ಆದ್ರೆ ನಿಮ್ಮ ಮನೆಯವರಿಗೆ ನಾನು ಏನಂತ ಹೇಳ್ಲಿ?"

ಮಾತು ತಪ್ಪೇನಲ್ಲ. ಆದರೆ ಬಾಟಲಿಯ ಜೊತೆ ಹೋಗುವ ಚೀಟಿಯಲ್ಲಿ ನೀರು ತೆಗೆದ ಜಾಗ ಬರೆಯಬೇಕು.

"ಟ್ಯಾಂಕಿನ ನೀರು ತುಂಬಿಸಿ ಪೈಪಿನ ಬಾಯಿ ಅಂತ ಬರೆದೆ. ಎರಡು ದಿವಸ ಬರೆದೆ. ಮೂರನೇ ದಿವಸ ಕೈ ಬರಲಿಲ್ಲ," ಎನ್ನುತ್ತಾರೆ ಮೋನಪ್ಪ.

ಮೂರನೇ ಬೆಳಗ್ಗೆ ಯಾರಿಗೂ ಹೇಳದೆ ದಡಕ್ಕೆ ಇಳಿದರು. ಅರ್ಧ ದಾರಿಗೆ ಪಟ್ಟಿ ಮಾಯ. ರಾತ್ರಿಯ ಗಾಳಿ ಮರಳು ತಂದು ಸುರಿದಿತ್ತು. ಮುಂದಿನ ಗೂಟ ಹದಿನೈದು ಹೆಜ್ಜೆ ದೂರದಲ್ಲಿ ತಲೆಯಷ್ಟೇ ತೋರಿಸುತ್ತಿತ್ತು. ಆ ದಿನ ಮಾತ್ರ ಅವರು ಹಿಂದಿರುಗಲಿಲ್ಲ. ಗೂಟದ ಮೇಲೆ ಕಣ್ಣು ನೆಟ್ಟು, ಒಂದು ಪಾದದ ಮುಂದೆ ಇನ್ನೊಂದನ್ನು ಒತ್ತಿ ಇಡುತ್ತ ನಡೆದರು. ಬೆವರು ಕಣ್ಣಿಗೆ ಇಳಿದರೂ ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ಹದಿನೈದು ಹೆಜ್ಜೆಗೆ ಅರ್ಧ ಗಂಟೆ ಹಿಡಿಯಿತು.

ಪೈಪಿನ ಬಾಯಿಯ ನೀರನ್ನು ಗಾಜಿನ ಕೊಳವೆಗೆ ಹಿಡಿದು ಪರೀಕ್ಷೆಯ ಮಾತ್ರೆ ಹಾಕಿದರು. ಕ್ಲೋರಿನ್ ಇದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗಬೇಕು. ಬಣ್ಣ ಬರಲಿಲ್ಲ. ಇನ್ನೊಂದು ಮಾತ್ರೆ ಹಾಕಿದರು. ಆಗಲೂ ಇಲ್ಲ.

ಲ್ಯಾಬಿನ ಒಲಿಂಡಾ ಬಾಯಿ ಮರುದಿನ ಪರೀಕ್ಷೆಯ ತಟ್ಟೆ ತೆಗೆದು ನೋಡಿದರೆ ರೋಗಾಣುಗಳು ಎಣಿಸಲಾರದಷ್ಟು. ಹಿಂದಿನ ಎರಡು ದಿನ ಏನೂ ಇಲ್ಲದ್ದು ಇವತ್ತು ಇಷ್ಟು ಹೇಗೆ ಎಂದು ಕೇಳಿದರು. ಮೋನಪ್ಪ ಏನನ್ನೂ ಮುಚ್ಚಿಡಲಿಲ್ಲ. ತಾವು ಬರೆದ ಎರಡು ಸುಳ್ಳು ಚೀಟಿಗಳನ್ನೂ ಹೇಳಿದರು.

ಶ್ಯಾಮಸುಂದರ್ ಮೊದಲು ರೇಗಿದರು. ಆಮೇಲೆ ಆ ಎರಡು ವರದಿಗಳನ್ನು ತಾವೇ ಹೊಡೆದುಹಾಕಿದರು. ಪೈಪಿನ ಗುಂಟ ಹುಡುಕಿಸಿದಾಗ ರುಮೈಥಿಯಾ ಬಡಾವಣೆಯ ಹತ್ತಿರ ಶೆಲ್ ಬಿದ್ದು ಒಡೆದ ಒಂದು ಮ್ಯಾನ್‌ಹೋಲ್ ಸಿಕ್ಕಿತು. ನೂರಾರು ಮನೆಗಳ ಕೊಳಚೆ ಘಟಕಕ್ಕೆ ಹೋಗದೆ ಅಲ್ಲಿಂದ ನೇರ ಈ ಪೈಪಿಗೆ ಸೇರುತ್ತಿತ್ತು. ಟ್ಯಾಂಕಿನಲ್ಲಿ ಎಷ್ಟು ಪರೀಕ್ಷಿಸಿದರೂ ಅದು ಕಾಣುತ್ತಿರಲಿಲ್ಲ.

ದುರಸ್ತಿಗೆ ಹನ್ನೊಂದು ದಿನ ಬೇಕಾಯಿತು. ದಡವನ್ನು ಜನರಿಗೆ ಬಿಡುವುದು ಮುಂದಕ್ಕೆ ಹೋಯಿತು. ಮೈನ್ ತೆಗೆಯುವವರು ಗೂಟಗಳನ್ನು ಎತ್ತರಿಸಿ, ದಾರಿಯನ್ನು ದಿನಾ ನೋಡಿಕೊಳ್ಳತೊಡಗಿದರು. ಅಪ್ಪಣೆಯಿಲ್ಲದೆ ದಡಕ್ಕೆ ಇಳಿದದ್ದಕ್ಕೆ ಮೋನಪ್ಪನವರಿಗೆ ಎಚ್ಚರಿಕೆಯ ಕಾಗದ ಬಂತು. ಅದನ್ನು ಮಡಿಚಿ ಪೆಟ್ಟಿಗೆಯಲ್ಲಿಟ್ಟಿದ್ದಾರೆ.

"ಸರ್ ಹೋಗ್ಬೇಡಿ ಅಂತ ಹೇಳಿದ್ದು ನನ್ನ ಜೀವ ಉಳೀಲಿ ಅಂತ. ಬೇಜಾರಿಲ್ಲ," ಎನ್ನುತ್ತಾರೆ.

ಈಗ ಇಪ್ಪತ್ತು ದಿನದಿಂದ ಪೈಪಿನ ಬಾಯಿಯ ನೀರು ಮಿತಿಯೊಳಗಿದೆ. ವರದಿಯ ಕೆಳಗೆ ಒಲಿಂಡಾ ಬಾಯಿಯ ಸಹಿ ಇರುತ್ತದೆ, ಎಂಜಿನಿಯರರ ಮೊಹರು ಇರುತ್ತದೆ. ನೀರು ತಂದವರ ಹೆಸರಿಗೆ ಅದರಲ್ಲಿ ಜಾಗವಿಲ್ಲ.

ದಡವನ್ನು ಜನರಿಗೆ ಬಿಟ್ಟ ಮೇಲೆ ನೀವೇನು ಮಾಡುತ್ತೀರಿ ಎಂದು ಕೇಳಿದರೆ ಮೋನಪ್ಪ ಐಸಿನ ಪೆಟ್ಟಿಗೆಯ ಮುಚ್ಚಳ ಒತ್ತುತ್ತಲೇ ಉತ್ತರಿಸುತ್ತಾರೆ.

"ಇಲ್ಲಿ ಗಾಳ ಹಾಕುವವರ ಹತ್ತಿರ ನಾಲ್ಕು ಮೀನು ಕೇಳಿ ತಕ್ಕೊಂಡು ಹೋಗಿ ಗಸಿ ಮಾಡ್ಬೇಕು. ಅಷ್ಟರಲ್ಲಿ ಊರಿಂದ ಹರಿಣಾಕ್ಷಿ ಬಂದಿದ್ರೆ ಅವಳೇ ಮಾಡ್ತಾಳೆ. ಹೆದರದೆ ತಿನ್ನಬಹುದು. ಈ ನೀರು ನಾನು ನೋಡಿದ್ದು."