ಕೂಸಿನ ಕಿವಿಯಲ್ಲಿ ಹೆಸರು ಹೇಳಿದವಳು

ವಯಸ್ಸಾದ ಮೇಲೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ನನಗಂತೂ ಇಳಿದಿಲ್ಲ. ಇಳಿದಿದ್ದರೆ ಇದನ್ನು ಬರೆಯಲು ಕೂಡುತ್ತಲೇ ಇರಲಿಲ್ಲ. ಮೂಡಲಗಿಯ ಕನ್ನಡ ಸಾಲಿಯ ಮಾಸ್ತರರ ಹೆಂಡತಿಯಾಗಿ ಬಂದು, ಅವರಿಂದಲೇ ಅಕ್ಷರ ಕಲಿತವಳು ನಾನು. ನಮಗೆ ಮಕ್ಕಳಾಗಲಿಲ್ಲ. ಅವರು ಸಾಲಿಗೆ ಹೋದರೆಂದರೆ ಸಂಜೆಯವರೆಗೆ ಮನೆಯಲ್ಲಿ ನಾನು, ಒಲೆ, ಬೀಸುವ ಕಲ್ಲು, ಅಷ್ಟೇ. ತಂದೆ ತಾಯಿ ನಾನು ಚಿಕ್ಕವಳಿದ್ದಾಗಲೇ ಪ್ಲೇಗಿನಲ್ಲಿ ಹೋಗಿದ್ದರು. ತವರು ಎಂದರೆ ಹುಕ್ಕೇರಿ ಕಡೆಯ ಹಳ್ಳಿಯಲ್ಲಿದ್ದ ಕಾಕಾನ ಮನೆ ಮತ್ತು ನನ್ನ ಒಬ್ಬನೇ ಅಣ್ಣ. ವರ್ಷಕ್ಕೊಮ್ಮೆ ನಾಗರಪಂಚಮಿಗೆ ಅವನು ಚಕ್ಕಡಿ ಹೂಡಿಕೊಂಡು ನನ್ನನ್ನು ಕರೆಯಲು ಬರುತ್ತಿದ್ದ. ಉಳಿದ ತಿಂಗಳುಗಳನ್ನು ನಾನು ಆ ಎಂಟು ದಿನಗಳ ನೆನಪಿನಲ್ಲಿಯೇ ತಳ್ಳುತ್ತಿದ್ದೆ.

ಅಣ್ಣ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ದುಡಿಯಲು ಹೋದ. ಅಲ್ಲಿ ನೂಲಿನ ಖಾತೆಯಲ್ಲಿದ್ದ ಒಬ್ಬ ವಿಧವೆಯೊಡನೆ ಉಡಕಿ ಮಾಡಿಕೊಂಡ. ಉಡಕಿ ಎಂದರೆ ನಮ್ಮಲ್ಲಿ ವಿಧವೆಯನ್ನು ಮತ್ತೆ ಮದುವೆಯಾಗುವುದು. ಅದಕ್ಕೆ ಹಂದರವಿಲ್ಲ, ವಾಲಗವಿಲ್ಲ, ಮುತ್ತೈದೆಯರು ಆ ಕಡೆ ಸುಳಿಯುವುದೂ ಇಲ್ಲ. ಒಬ್ಬ ಅಯ್ಯನವರು, ನಾಲ್ಕು ಜನ ವಿಧವೆಯರು, ಒಂದು ಸೀರೆ. ಮುಗಿಯಿತು. ಮರುದಿನ ಅದರ ಮಾತನ್ನು ಯಾರೂ ಎತ್ತುವುದಿಲ್ಲ. ಕಾಕಾನಿಗೆ ಇದರ ಸುಳಿವೇ ಇರಲಿಲ್ಲ.

ನನಗೆ ಗೊತ್ತಾದದ್ದು ಹೆಣ್ಣುಕೂಸು ಹುಟ್ಟಿದ ಮೇಲೆ. ಒಂದು ದಿನ ಅಣ್ಣ ಮೂಡಲಗಿಗೆ ಬಂದು ಪಡಸಾಲೆಯಲ್ಲಿ ತಲೆ ತಗ್ಗಿಸಿ ಕೂತ.

"ತಂಗೀ, ತೊಟ್ಟಿಲಿಗಿ ಹಾಕೂದೈತಿ. ನೀ ಬರಬೇಕು. ಸೋದರತ್ತಿ ನೀ ಬಿಟ್ಟರ ಮತ್ಯಾರದಾರ? ಕಾಕಾಗ ಮಾತ್ರ ಹೇಳಬ್ಯಾಡ."

"ಎಲಾ ಇವನ! ಇಷ್ಟೆಲ್ಲಾ ಮಾಡಿ ಈಗ ಬಾಯಿ ಬಿಡಾಕತ್ತೀ?" ಎಂದು ಬೈದೆ. ಬೈಯುತ್ತಲೇ ಟ್ರಂಕಿನಿಂದ ಹೊಸ ಸೀರೆ ತೆಗೆದೆ. ಸುಳ್ಳು ಯಾಕೆ ಹೇಳಲಿ, ಸಂತೋಷವಾಗಿತ್ತು.

ಚಾಳಿನ ಸಣ್ಣ ಖೋಲಿಯಲ್ಲಿ ತೊಟ್ಟಿಲು ಕಟ್ಟಿದ್ದರು. ಕೂಸಿಗೆ ನಮ್ಮ ಅಜ್ಜಿಯ ಹೆಸರಿಡಬೇಕೆಂದು ಅಣ್ಣನೇ ಹೇಳಿದ. ನಾನು ಬಗ್ಗಿ ಅದರ ಕಿವಿಯಲ್ಲಿ "ಕುರ್ರ್" ಎಂದು ಆ ಹೆಸರು ಹೇಳಿದೆ. ಹೇಳುವಾಗ ಸೋದರತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ. ಗಿರಣಿಯ ಹೆಂಗಸರ ಕೈ ಕೇಳಬೇಕೆ? ಯವ್ವಾ, ಎರಡು ದಿನ ಬೆನ್ನು ನೆಟ್ಟಗಾಗಲಿಲ್ಲ. ವೈನಿ ನಗುತ್ತಾ ಬೆನ್ನಿಗೆ ಎಣ್ಣೆ ತಿಕ್ಕಿದಳು. ಅಣ್ಣನ ಹೆಂಡತಿಯನ್ನು ನಾನು ವೈನಿ ಎಂದು ಕರೆದದ್ದು ಅಂದೇ ಮೊದಲು.

ಮೂರು ವರ್ಷ ಸುಖವಾಗಿಯೇ ಇದ್ದರು. ಅಷ್ಟರಲ್ಲಿ ಕಾಕಾ ಹುಕ್ಕೇರಿಯ ಹೊಲಮನೆಯಿದ್ದ ಒಬ್ಬರ ಮಗಳನ್ನು ಅಣ್ಣನಿಗೆ ಗೊತ್ತುಮಾಡಿದ. ಅಣ್ಣ ಗಿರಣಿ ಬಿಟ್ಟ, ಖೋಲಿ ಬಿಟ್ಟ, ಊರಿಗೆ ಬಂದು ಬಾಸಿಂಗ ಕಟ್ಟಿಕೊಂಡ. ಆ ಹೆಂಗಸು ಯಾರೋ, ಆ ಕೂಸು ಯಾರದೋ ಎಂದುಬಿಟ್ಟ. ಮದುವೆಯಲ್ಲಿ ನಾನೂ ಆರತಿ ಹಿಡಿದೆ. ಹಿಡಿದ ಕೈಗೆ ಇಂದಿಗೂ ನಾಚಿಕೆಯಾಗುತ್ತದೆ.

ಸ್ವಲ್ಪ ದಿನಕ್ಕೆ ವೈನಿ ಮಗಳನ್ನು ಕಂಕುಳಲ್ಲಿಟ್ಟುಕೊಂಡು ಮೂಡಲಗಿಗೆ ಬಂದಳು. ಗೋಕಾಕದ ಕೋರ್ಟಿನಲ್ಲಿ ದಾವೆ ಹಾಕಿದ್ದಳು. ಉಡಕಿ ಮಾಡಿಸಿದ ಅಯ್ಯನವರು ತೀರಿಹೋಗಿದ್ದರು. ಅಲ್ಲಿದ್ದ ವಿಧವೆಯರು, ನಮಗೇನೂ ಗೊತ್ತಿಲ್ಲವೆಂದು ಬಾಯಿಗೆ ಬೀಗ ಹಾಕಿಕೊಂಡಿದ್ದರು.

"ನನಗ ಅವರ ಮನಿ ಬ್ಯಾಡ್ರಿ, ಹೊಲ ಬ್ಯಾಡ್ರಿ," ಎಂದಳು. "ನಾಳಿ ಇದನ್ನ ಯಾರರ ಲಗ್ನಕ್ಕ ಕೇಳಾಕ ಬಂದರ, ನಿಮ್ಮಪ್ಪ ಯಾರು ಅಂತಾರ. ಆಗ ಇದು ಏನ ಹೇಳಬೇಕ್ರಿ? ನೀವೊಬ್ಬರು ಬಂದು ಹೇಳ್ರಿ, ಸಾಕು."

ನನಗೆ ರೇಗಿಹೋಯಿತು. "ಒಡಹುಟ್ಟಿದಾಂವನ ಮ್ಯಾಲೆ ಸಾಕ್ಷಿ ಹೇಳು ಅಂತೀಯಲ್ಲ, ನಿನಗ ಹ್ಯಾಂಗ ಬಾಯಿ ಬಂತು?" ಎಂದು ಕೂಗಾಡಿದೆ. ನಾನು ಇಕ್ಕಿದ ರೊಟ್ಟಿಯಲ್ಲಿ ಅವಳು ಅರ್ಧ ಮಗಳಿಗೆ ತಿನ್ನಿಸಿ, ತಾನು ನೀರು ಕುಡಿದು ಎದ್ದಳು. ಕೂಸು ಮಾತ್ರ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿತ್ತು. ಮೂಗು ನಮ್ಮ ಅಣ್ಣನದೇ.

ಎರಡು ವಾರ ಬಿಟ್ಟು ಅಣ್ಣ ಬಂದ. ಮಾಸ್ತರರಿಗೆ ಬೆಲ್ಲ, ನನಗೆ ಬಳೆ ತಂದಿದ್ದ. ಹೆದರಿದ್ದಂತೇನೂ ಕಾಣಲಿಲ್ಲ. ನಾನು ತೊಟ್ಟಿಲಿಗೆ ಹೋಗಿದ್ದನ್ನು ತನ್ನ ವಕೀಲನಿಗೆ ತಾನೇ ಹೇಳಿಬಿಟ್ಟಿದ್ದ.

"ಹೋಗಿದ್ದಳು, ಬಾಣಂತಿನ ನೋಡಿ ಕರುಣಾ ಬಂದು ಹೋಗಿದ್ದಳು ಅಂತ ಹೇಳೇನಿ. ನೀನೂ ಹಾಂಗ ಹೇಳು. ಹೆಂಗಸರ ತೊಟ್ಟಿಲ ಶಾಸ್ತ್ರಕ್ಕ ಕೋರ್ಟಿನ್ಯಾಗ ಯಾರು ಕಿಮ್ಮತ್ತ ಕೊಡತಾರ?" ಎಂದು ನಕ್ಕ. ಹೋಗುವಾಗ ಹೊಸ್ತಿಲು ದಾಟಿ ನಿಂತು, ಈ ಸಲ ನಗದೆ ಹೇಳಿದ: "ತಂಗೀ, ಬ್ಯಾರೆ ಏನರ ಹೇಳಿದೆಂದರ ನನ್ನ ಚಕ್ಕಡಿ ಈ ಊರ ದಾರಿ ಹಿಡಿಯಾಂಗಿಲ್ಲ."

ಮಾಸ್ತರರನ್ನು ಕೇಳಿದರೆ, "ನೀ ತಿಳದಾಂಗ ಮಾಡು," ಎಂದು ಪೇಟ ಸುತ್ತಿಕೊಂಡು ಸಾಲಿಗೆ ಹೋದರು. ದೊಡ್ಡ ಉಪಕಾರ! ತಿಳಿದಿದ್ದರೆ ಯಾಕೆ ಕೇಳುತ್ತಿದ್ದೆ? ಆ ಮನೆಯಲ್ಲಿ ಗೋಡೆಗಳ ಜೊತೆ ಮಾತಾಡುವ ಚಾಳಿ ನನಗೆ ಶುರುವಾದದ್ದು ಆ ತಿಂಗಳಲ್ಲಿಯೇ. ಹೇಳಿದರೆ ತವರು ಹೋಗುತ್ತದೆ, ಹೇಳದಿದ್ದರೆ ಆ ಕೂಸಿಗೆ ಅಪ್ಪನಿಲ್ಲ. ಜೋಳ ಬೀಸುತ್ತಾ ಒಮ್ಮೆ ಹಾಗೆ, ಒಮ್ಮೆ ಹೀಗೆ. ಕೋರ್ಟಿನ ಪಟ್ಟೇವಾಲ ಸಮನ್ಸು ತಂದು ಕೊಟ್ಟ ದಿನವೂ ನನಗೆ ಏನೂ ತಿಳಿದಿರಲಿಲ್ಲ.

ಗೋಕಾಕದ ಕೋರ್ಟಿನಲ್ಲಿ ಕಟಕಟೆ ಹತ್ತಿದೆ. ಬಲಗಡೆ ಅಣ್ಣ, ಕಾಕಾ. ಎಡಗಡೆ ಒಬ್ಬಳೇ ವೈನಿ. ಜಡ್ಜ್ ಸಾಹೇಬರು ಪುಣೆ ಕಡೆಯವರು, ನಮ್ಮ ಪದ್ಧತಿ ಅವರಿಗೆ ಹೊಸದು. ಅಣ್ಣನ ವಕೀಲ ಮೃದುವಾಗಿ ಕೇಳಿದ.

"ನೋಡವ್ವಾ, ನೀ ಕರುಣಾದಿಂದ ಹೋಗಿದ್ದಿ, ಹೌದಲ್ಲೋ? ಓಣ್ಯಾಗಿನ ಯಾವ ಹೆಣಮಗಳಾದರೂ ಕೂಸಿನ ಕಿವ್ಯಾಗ ಹೆಸರ ಹೇಳಬಹುದಲ್ಲ?"

ಹೌದು ಎಂದರೆ ಮುಗಿಯುತ್ತಿತ್ತು. ಹೌದು ಎನ್ನಲೆಂದೇ ಬಾಯಿ ತೆರೆದೆ. ಆದರೆ ಯಾವ ಹೆಣ್ಣುಮಗಳಾದರೂ ಎಂದನಲ್ಲ, ಅದು ನನ್ನ ಹೊಟ್ಟೆಗೆ ಬೆಂಕಿ ಇಟ್ಟಿತು. ನಾನು ಓಣಿಯ ಯಾವಳೋ ಒಬ್ಬಳೇ?

"ಅದ್ಹ್ಯಾಂಗ ಬರತೈತ್ರಿ?" ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ಅಪ್ಪನ ಒಡಹುಟ್ಟಿದಾಕಿ ಹೇಳಬೇಕ್ರಿ. ಕರುಣಾದಿಂದ ಯಾರೂ ಸೋದರತ್ತಿ ಆಗಂಗಿಲ್ರಿ. ಇಂವ ನಮ್ಮ ಮನಿಗಿ ಬಂದು, ನೀ ಸೋದರತ್ತಿ, ಬಾ ಅಂತ ಕರಕೊಂಡ ಹೋದ. ನಮ್ಮಜ್ಜಿ ಹೆಸರ ಇಡಸಿದಾಂವನೂ ಇವನ. ಬ್ಯಾರೆಯವರ ಕೂಸಿಗಿ ನಮ್ಮಜ್ಜಿ ಹೆಸರ ಯಾಕ ಇಡತಾನ್ರಿ?"

ವಕೀಲ ಅಣ್ಣನ ಕಡೆ ತಿರುಗಿ ನೋಡಿದ. ಆ ಹೆಸರಿನ ವಿಷಯ ಅಣ್ಣ ಅವನಿಗೆ ಹೇಳಿರಲೇ ಇಲ್ಲ, ಅದೊಂದು ಹೇಳುವ ಮಾತೆಂದು ಅಣ್ಣನಿಗೆ ಅನ್ನಿಸಿರಲಿಲ್ಲ. ಸಾಹೇಬರು ನನ್ನಿಂದ ಅದೆಲ್ಲವನ್ನೂ ಮತ್ತೊಮ್ಮೆ ನಿಧಾನವಾಗಿ ಹೇಳಿಸಿ ಬರೆದುಕೊಂಡರು. ಹೊರಗೆ ಬಂದಾಗ ಕಾಕಾ ನನ್ನ ಮುಂದೆ ಉಗುಳಿದ. ಅಣ್ಣ ನನ್ನನ್ನು ನೋಡಲಿಲ್ಲ, ಚಕ್ಕಡಿ ಹತ್ತಿ ಹೋದ.

ಆ ಹುಡುಗಿ ಅವನ ಮಗಳು ಎಂದು ತೀರ್ಪಾಯಿತು. ಮಾಸ್ತರರು ಬಂದು ಹೇಳಿದಾಗ ನಾನು ಕಾಳು ಹಸನು ಮಾಡುತ್ತಿದ್ದೆ. ಹೂಂ ಎಂದೆ.

ಮುಂದಿನ ಪಂಚಮಿ ಬಂತು. ಒಂದೊಂದೇ ಮನೆಯ ಮುಂದೆ ಚಕ್ಕಡಿ ನಿಂತು, ಓಣಿಯ ಹೆಂಗಸರೆಲ್ಲಾ ತವರಿಗೆ ಹೋದರು. ಬರುವುದಿಲ್ಲವೆಂದು ಗೊತ್ತಿದ್ದೂ ನಾನು ಎರೆದುಕೊಂಡು, ಜಡೆ ಹಾಕಿ, ಗಂಟು ಕಟ್ಟಿ ಕಟ್ಟೆಯ ಮೇಲೆ ಕೂತೆ. ಬಿಸಿಲು ಏರಿತು, ಇಳಿಯಿತು. ಮೂರನೆಯ ದಿನ ಗಂಟು ಬಿಚ್ಚಿ, ಇಬ್ಬರಿಗೆಂದು ಉಂಡಿ ಕಟ್ಟಿದೆ. ಬಿಕ್ಕಿ ಬಿಕ್ಕಿ ಅತ್ತೆ. ಇಂಥ ಇಪ್ಪತ್ತು ಪಂಚಮಿ ಕಳೆದವು.

ವೈನಿ ಗಿರಣಿಯಲ್ಲಿಯೇ ದುಡಿದು ಮಗಳನ್ನು ಬೆಳೆಸಿದಳು. ತನ್ನಿಂದ ನನ್ನ ತವರು ಹೋಯಿತೆಂದು ಅವಳಿಗೆ ಸಂಕೋಚ. ಹೆಚ್ಚು ಬರುತ್ತಿರಲಿಲ್ಲ. ತವರು ಹೋದದ್ದನ್ನು ಮಗಳಿಗೆ ಹೇಳಬಾರದೆಂದು ನಾನೇ ಆಣೆ ಹಾಕಿಸಿದ್ದೆ. ಹುಡುಗಿಯನ್ನು ಕೌಜಲಗಿಗೆ ಕೊಟ್ಟರು. ಕೇಳಲು ಬಂದವರು ಅಪ್ಪ ಯಾರೆಂದರೆ ಅವಳು ಹೆಸರು ಹೇಳಿದಳು. ಆಮೇಲೆ ವೈನಿ ತೀರಿಕೊಂಡಳು, ಮಾಸ್ತರರೂ ಹೋದರು.

ಎರಡನೆಯ ಮಹಾಯುದ್ಧ ನಡೆದಿದ್ದಾಗ ಒಂದು ಸಂಜೆ ಆ ಹುಡುಗಿ ನನ್ನ ಬಾಗಿಲಿಗೆ ಬಂದಳು. ಹಣೆ ತುಂಬ ವಿಭೂತಿ, ಅತ್ತು ಕೆಂಪಾದ ಕಣ್ಣು. ಅಪ್ಪ ಹೋಗಿ ಮೂರು ದಿನವಾಯಿತು ಎಂದಳು. ನನಗೆ ಯಾರೂ ಹೇಳಿ ಕಳಿಸಿರಲಿಲ್ಲ. ಗೋಡೆ ಹಿಡಿದು ಕೂತೆ.

"ದೈವದವರು, ಊರ ಹಿರ್ಯಾರು, ನನಗೂ ಆಳ ಕಳಿಸಿದ್ರಿ, ಅತ್ತಿ," ಎಂದಳು. "ಕೋರ್ಟಿನ್ಯಾಗ ಆಗೈತಿ, ಮಗಳು ಬರಲೇಬೇಕು ಅಂದ್ರಂತ. ಗಂಡಮಕ್ಕಳ ಬಾಜೂಕ ನಿಂದರಿಸಿದರು. ನಾನೂ ಮಣ್ಣ ಕೊಟ್ಟೆ."

"ಚಲೋ ಆತವ್ವಾ," ಎಂದೆ. ಖರೆಯಾಗಿಯೂ ಹಾಗೇ ಅನ್ನಿಸಿತು.

ಅವಳು ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದಳು. "ಊರ ಮಂದಿಯೆಲ್ಲಾ ಬಂದಿದ್ದರು. ನಾ ನಿಮ್ಮನ್ನ ಹುಡಿಕ್ಯಾಡಿದೆ. ನೀವ್ಯಾಕ ಬರಲಿಲ್ರಿ, ಅತ್ತಿ?"

"ಮೈಯಾಗ ಆರಾಮ ಇರಲಿಲ್ಲವ್ವಾ," ಎಂದೆ.

ಅವಳು ನಂಬಿದಳು. ಈಗ ಹ್ಯಾಂಗ ಅದೀರಿ ಎಂದು ನನ್ನ ಹಣೆ ಮುಟ್ಟಿ ನೋಡಿದಳು.