ಅಟ್ಟದ ಹೊಗೆ

ಮೊನ್ನೆ ಸಂಜೆ ಜಡಿಮಳೆ ಹಿಡಿದಿತ್ತು. ಪಕ್ಕದ ಮನೆಯ ದೊಡ್ಡಮ್ಮ ತಮ್ಮ ಅಟ್ಟದ ಕೆಳಗೆ ತೆಂಗಿನ ಮಟ್ಟೆಗೆ ಬೆಂಕಿ ತಾಗಿಸಿದ್ದರು. ಹೊಗೆ ಹೆಂಚಿನ ಸಂದಿಯಿಂದ ತೂರಿ ನಮ್ಮ ಅಡುಗೆಮನೆಗೂ ಬಂತು. ಅದರ ಜೊತೆಗೆ ಇನ್ನೊಂದು ವಾಸನೆಯೂ ಇರಬೇಕಿತ್ತಲ್ಲ ಎನಿಸಿತು. ಬೀಡಿಯದು. ಸೇದುತ್ತಿದ್ದ ದೊಡ್ಡಪ್ಪನೇ ಇಲ್ಲ, ಇನ್ನು ವಾಸನೆ ಎಲ್ಲಿಂದ ಬರಬೇಕು...

ದೊಡ್ಡಪ್ಪ ನಮಗೆ ನೆಂಟರೇನಲ್ಲ. ನಾನು ಮದುವೆಯಾಗಿ ಹಾಲ್ಕುರಿಕೆಗೆ ಬಂದಾಗ ನನ್ನ ಗಂಡ ಪಕ್ಕದ ಮನೆಯವರನ್ನು ಹಾಗೆ ಕರೆಯುತ್ತಿದ್ದರು, ನನಗೂ ಅದೇ ಬಾಯಿಗೆ ಬಂತು. ಒಳ್ಳೆಯ ಮನುಷ್ಯ, ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ.

ನಮ್ಮ ಕಡೆ ಕೊಬ್ಬರಿಗೆಂದು ಇಟ್ಟ ಕಾಯನ್ನು ಕೂಡಲೇ ಒಡೆಯುವುದಿಲ್ಲ. ಹೊರಗಿನ ನಾರಿನ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಕಾಯುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಮಳೆಗಾಲದ ತೇವಕ್ಕೆ ಕೆಡದಿರಲೆಂದು ಅಟ್ಟದ ಕೆಳಗೆ ಆಗಾಗ ಹೊಗೆ ಹಾಕುವುದುಂಟು.

ದೊಡ್ಡಪ್ಪನ ವೈದ್ಯಶಾಸ್ತ್ರವೆಲ್ಲ ಹುಟ್ಟಿದ್ದು ಈ ಹೊಗೆಯಲ್ಲೇ. ಮಟ್ಟೆಯ ಕೆಂಡದಿಂದಲೇ ಬೀಡಿ ಹಚ್ಚಿಕೊಂಡು, ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಒಂದಾದ ಮೇಲೊಂದು ಸೇದುತ್ತಿದ್ದರು. ದೊಡ್ಡಮ್ಮ ಬೈದರೆ ಅಟ್ಟದ ಕಡೆಗೆ ಕೈ ತೋರಿಸುತ್ತಿದ್ದರು.

"ಹೊಗೆ ಕುಡ್ದಿದ್ ಕಾಯಿ ಯಾವತ್ತಾರ ಕೆಟ್ಟೈತೇನೇ? ಎದೆನೂ ಹಂಗೇಯ. ಹುಳ ಬೀಳಲ್ಲ ಬುಡು."

ಕೇಳಿದವರು ನಗುತ್ತಿದ್ದರು. ಕೆಲವರು ಹೌದೆಂದು ತಲೆಯಾಡಿಸಿ ತಾವೂ ಒಂದು ಬೀಡಿ ಈಸಿಕೊಳ್ಳುತ್ತಿದ್ದರು.

ಆಮೇಲೆ ಕೆಮ್ಮು ಶುರುವಾಯಿತು. ಮಟ್ಟೆ ಧೂಳು ಕಣಮ್ಮ ಎಂದರು. ಧೂಳಾಗಿದ್ದರೆ ನಮಗೂ ಕೆಮ್ಮು ಬರಬೇಕಿತ್ತು. ಉಗುಳಿನಲ್ಲಿ ರಕ್ತ ಕಂಡ ದಿನ ದೊಡ್ಡಮ್ಮ ಆಸ್ಪತ್ರೆಗೆ ನಡೆಯಿರಿ ಎಂದು ಅತ್ತು ಕೈ ಮುಗಿದರು. "ಅಟ್ಟದಿಂದ ಕೊಬ್ಬರಿ ಇಳೀಲಿ ತಡಿಯೇ" ಎಂದರು ದೊಡ್ಡಪ್ಪ. ಕಾದರೆ ಕೊಬ್ಬರಿ ಒಳ್ಳೆಯದಾಗುತ್ತದೆ, ನಿಜ. ಕೆಮ್ಮೂ ಹಾಗೇ ಎಂದುಕೊಂಡರೋ ಏನೋ. ತಿಂಗಳುಗಳು ಹಾಗೇ ಉರುಳಿದವು.

ಕೊನೆಗೆ ಮೆಟ್ಟಿಲು ಹತ್ತಲೂ ಆಗದಂತಾದಾಗ ಹೊರಟರು. ತಿಪಟೂರಿನ ಡಾಕ್ಟರು ಎಕ್ಸ್‌ರೇ ನೋಡಿ ಬೆಂಗಳೂರಿಗೆ ಬರೆದುಕೊಟ್ಟರು. ದೊಡ್ಡಮ್ಮನಿಗೆ ಧೈರ್ಯಕ್ಕೆಂದು ನಾನೂ ಜೊತೆಗೆ ಹೋದೆ. ಶ್ವಾಸಕೋಶದ ಕ್ಯಾನ್ಸರ್. ಅಲ್ಲಿನ ಡಾಕ್ಟರಮ್ಮ ಸುತ್ತಿ ಬಳಸದೆ ಹೇಳಿದರು: ಇಷ್ಟು ವರ್ಷದ ಬೀಡಿಯೇ ಇದಕ್ಕೆ ಕಾರಣ, ಬೇಗ ಬಂದಿದ್ದರೆ ಏನಾದರೂ ಮಾಡಬಹುದಿತ್ತು. ದೊಡ್ಡಪ್ಪ ಅಲ್ಲಿಯೂ ಬಿಡಲಿಲ್ಲ. ಅಟ್ಟ, ಮಟ್ಟೆ, ಹೊಗೆ, ಕೆಡದ ಕಾಯಿ, ಎಲ್ಲವನ್ನೂ ಏದುಸಿರು ಬಿಡುತ್ತಲೇ ವಿವರಿಸಿದರು. ಆಕೆ ನಗಲಿಲ್ಲ. ಪೂರ್ತಿ ಕೇಳಿಸಿಕೊಂಡರು.

"ನಿಮ್ಮ ಅಟ್ಟದ ಕಾಯಿ ಉಸಿರಾಡುತ್ತಾ ಯಜಮಾನ್ರೇ?"

ದೊಡ್ಡಪ್ಪ ಹೊರಗೆ ಬಂದವರೇ ಜೇಬಿನಲ್ಲಿದ್ದ ಬೀಡಿ ಕಟ್ಟನ್ನು ಕಸದ ಡಬ್ಬಿಗೆ ಹಾಕಿದರು. ರೈಲಿನಲ್ಲಿ ಬರುವಾಗ, ತಿಪಟೂರು ಹತ್ತಿರವಾಗಿ ತೋಟಗಳು ಕಂಡಾಗ ಮೆಲ್ಲಗೆ, "ಒಣಗ್ಲಿ ಅಂತ ಅಲ್ವಾ ಹೊಗೆ ಹಾಕದು..." ಎಂದರು. ದೊಡ್ಡಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದರು.

ಆ ವರ್ಷ ಕೊಬ್ಬರಿ ಇಳಿಸುವ ಹೊತ್ತಿಗೆ ಅವರಿರಲಿಲ್ಲ. ನನಗೆ ಅವರ ಮೇಲೆ ಈಗಲೂ ಸಿಟ್ಟಿದೆ. ಬೀಡಿ ಬಿಡುವ ಗಟ್ಟಿತನ ಅವರಲ್ಲಿ ಇರಲಿಲ್ಲವೆಂದರೆ ಒಂದು ಮಾತು. ಇತ್ತು. ಒಂದೇ ದಿನದಲ್ಲಿ ಬಿಟ್ಟರಲ್ಲ...

ಈಗ ಹೊಗೆ ಹಾಕಿದ ದಿನ ದೊಡ್ಡಮ್ಮ ಮನೆಯೊಳಗೆ ಇರುವುದಿಲ್ಲ. ಬಾಗಿಲು ಮುಂದೆ ಮಾಡಿ, ಹೊಗೆ ಇಳಿಯುವವರೆಗೆ ನಮ್ಮ ಜಗಲಿಯಲ್ಲಿ ಕೂರುತ್ತಾರೆ. ಮೊನ್ನೆಯೂ ಬಂದರು. ನಾನು ಕಾಫಿ ಕೊಟ್ಟೆ. ಅರ್ಧ ಕುಡಿದು ಲೋಟ ಕೆಳಗಿಟ್ಟು, ಮಳೆಯಲ್ಲಿ ತೇಲಿ ಹೋಗುತ್ತಿದ್ದ ಹೊಗೆಯನ್ನೇ ನೋಡುತ್ತಾ ಹೇಳಿದರು:

"ಈ ಸತಿನೂ ಒಂದ್ ಕಾಯಿ ಕೆಟ್ಟಿಲ್ಲ ಕಣವ್ವ. ಕಾಯಿ ವಿಷ್ಯದಲ್ಲಿ ಅವ್ರು ಯಾವತ್ತೂ ತಪ್ಪಲಿಲ್ಲ."